ಖಾತ್ರಿ ಓಣಿ

ಟಿವಿಯೊಳಗ ಅಮೆರಿಕಾದ ನಕಾಶಿ.
ಕೆಂಪು ಬಳದದ್ದು ಕೆಂಪು, ನೀಲಿ ಬಳದದ್ದು ನೀಲಿ,
ಏಳು ರಾಜ್ಯಕ್ಕ ಮಾತ್ರ ಬಣ್ಣಿಲ್ಲ,
ಬೂದಿ ಹಚ್ಚಿ ತೊಳೀದ ಬಿಟ್ಟ ಗಂಗಾಳದಂಗ.

ಹಾತಲಗೇರಿ ನಾಕಾದ ಚಾದಂಗಡ್ಯಾಗ
ನಮ್ಮ ಪ್ರೆಸ್ಸಿನ ಮಾಲಕರು ಅಬ್ಬಿಗೇರಿಯವರು
ಸಿಗರೇಟ್ ಪಾಕೀಟಿನ ಬೆನ್ನಮ್ಯಾಲೆ ಬರಕೊಳ್ಳಾಕತ್ತಾರ:
ಪೆನ್ಸಿಲ್ವೇನಿಯಾ. ಅದರ ಬುಡಕ ಎರಡು ಗೆರಿ.
‘ಪೆನ್ಸಿಲ್ ಎತ್ತ ಹೊಳ್ಳತೈತೋ ಕುರ್ಚಿ ಅತ್ತ’
ಅಂದು ಐನೂರರ ನೋಟು ಬಸಿ ಕೆಳಗ ಇಟ್ಟರು.
ವಿಸ್ಕಾನ್ಸಿನ್ ಅನ್ನಾಕ ಬಾಯಿ ಹೊಳ್ಳಲಾರದ ಮಕ್ತುಮ
ಕಪ್ಪು ಎತ್ತಿಕೋತ ಕೇಳಿದ:
‘ವಿಷ್ಣುಕಾಂತ ಯಾರ ಕಡೀರಿ?’

ನಾನು ಹೊರಗ ಕಟ್ಟಿಮ್ಯಾಲೆ, ಅರ್ಧ ಚಾ.
ಇಪ್ಪತ್ತೆರಡು ವರ್ಷ ಆತು ಕರಪತ್ರ ಮಡಚಾಕ ಹತ್ತಿ.
ಎರಡು ಮಡಿಕಿ, ಉಗುರಿಲೆ ಒಂದು ಗೀರು,
ನೂರಕ್ಕೊಂದು ರಬ್ಬರು.
ಯಾವ ಓಣಿ ಅಲುಗಾಡತೈತಿ ಅನ್ನೂದು
ಪೇಪರಿನವರಿಗಿಂತ ಮೊದಲ
ನನ್ನ ಹೆಬ್ಬಟ್ಟಿಗೆ ತಿಳೀತೈತಿ.

ನೇಕಾರ ಕಾಲೋನಿಗೆ ಎರಡು ಸಾವಿರ,
ರಾತ್ರಿ ಹನ್ನೊಂದಕ್ಕ ಫೋನು, ಮತ್ತೆರಡು ಸಾವಿರ.
ಸ್ಟೇಶನ್ ಹಿಂದಿನ ಓಣಿಗೆ ಮೂರೂ ಪಾರ್ಟಿಯವು ಒಂದೇ ದಿನ,
ಒಂದರ ಮಸಿ ಆರೂದ್ರೊಳಗ ಇನ್ನೊಂದರ ಪ್ಲೇಟು.
ನಮ್ಮ ಓಣಿಗೆ ಐವತ್ತು.
ಕೆಲವು ಸಲ ಅವೂ ಇಲ್ಲ, ಕತ್ರಿ ತಪ್ಪಿದ ರದ್ದಿ ಕೊಟ್ಟು
‘ಹೋಗೋ ಹಾದ್ಯಾಗ ಹಂಚಬೇ’ ಅಂತಾರ.
ನಮ್ಮದು ಖಾತ್ರಿ ಓಣಿ.
ಗೆಲ್ಲಾವ್ರು ಬರಂಗಿಲ್ಲ, ಯಾಕ ಬರಬೇಕು?
ಸೋಲಾವ್ರು ಬರಂಗಿಲ್ಲ, ಬಂದರ ಏನು ಸಿಗತೈತಿ?
ಗಟಾರದ ಮ್ಯಾಲಿನ ಫರ್ಸಿ ಮುರದು ಒಂಬತ್ತು ವರ್ಷ,
ಅದರಾಗ ಕಾಲು ಸಿಕ್ಕಿಸಿಕೊಂಡ ಪಾರವ್ವ
ಈಗೂ ಅದೇ ಚಿಹ್ನೆಕ್ಕ ಒತ್ತತಾಳ.

ಕಾಟಾ ರಿಪೇರಿ ಮೌಲಾಸಾಬರು ಕೇಳಿದರು,
ಕೈಯಾಗಿನ ತಕ್ಕಡಿಮುಳ್ಳು ಒರಿಸಿಕೋತ:
‘ಶಾವಂತ್ರವ್ವ, ತಕ್ಕಡಿ ಎದಕ್ಕ ಬಾಗತೈತಿ ಹೇಳು?’
‘ಕಡೀ ಕಾಳಿಗೆ.’
‘ಅಲ್ಲ. ಕಡೀ ಕಾಳಿಗೆ ಹೆಸರು ಬರತೈತಿ.
ತೂಕ, ತಳದಾಗ ಕುಂತ ಕಾಳಿಂದು.’

ತಳದಾಗ ಕುಂತು ಸಾಕಾಗೇತ್ರಿ ಸಾಬರ,
ಅನಬೇಕಂದೆ. ಅನಲಿಲ್ಲ.

ಯಾಕಂದರ ಹ್ವಾದ ನಗರಸಭಾ ಇಲೆಕ್ಷನ್ನಿನ್ಯಾಗ
ನಾನು ಒಂದು ಕೆಲಸ ಮಾಡೀನಿ.
ನೇಕಾರ ಕಾಲೋನಿ ಕಟ್ಟಿನಿಂದ ನಾಕುನೂರು,
ಸ್ಟೇಶನ್ ಕಟ್ಟಿನಿಂದ ಮುನ್ನೂರು,
ಸೀರಿ ಸೆರಗಿನ್ಯಾಗ ಸುತ್ತಿ ಒಯ್ದು
ನಸುಕಿನ್ಯಾಗ ನಮ್ಮ ಓಣಿ ತುಂಬ ಚೆಲ್ಲಿದೆ.
ಎಲ್ಲಾ ಪಾರ್ಟೀವು. ಬಾಗಲದಾಗ, ಕಿಡಕ್ಯಾಗ,
ಎಮ್ಮಿ ಗ್ವಾದಲ್ಯಾಗ ಎರಡು.

ಹೊತ್ತು ಏರೂದ್ರಾಗ ಒಂದು ಜೀಪು.
ಅದರ ಹಿಂದ ಇನ್ನೊಂದು, ಮೊದಲಿನದು ಯಾಕ ಬಂತು ನೋಡಾಕ.
‘ಏನವಾ, ಈ ಓಣಿ ಕೈ ಬಿಡತೈತೇನು?’
ಪಾರವ್ವ ತನ್ನ ಕಾಲು ತೋರಿಸಿದಳು.
ಸಂಜಿಕ ಹೊಸಾ ಫರ್ಸಿ ಬಂತು,
ಸಿಮೆಂಟು ಆರೂತನಾ ಹುಡುಗರು ಕಾದು ಕುಂತಿದ್ದರು
ಹೆಜ್ಜಿ ಮೂಡಸಾಕ.

ಎಣಿಕಿ ದಿನ ಅದೇ ಚಿಹ್ನೆ, ಅಷ್ಟ ಅಂತರ.
ಓಣಿ ಒಂದು ಕೂದಲೆಳಿಯಷ್ಟೂ ಬಾಗಿದ್ದಿಲ್ಲ.
ಮಾಲಕರು ಲೆಕ್ಕದಾಗ ಏಳುನೂರು ಕಡಿಮಿ ಅಂತ
ನನ್ನ ಪಗಾರದಾಗ ಮುರಕೊಂಡರು.
ಫರ್ಸಿಗೆ ಅದೇನು ಹೆಚ್ಚಲ್ಲ.

ಈಗ ನಕಾಶಿ ನೋಡಾಕತ್ತೀನಿ.
ಎಲ್ಲಾರ ಕಣ್ಣು ಬೂದಿ ಬಣ್ಣದ ಏಳರಮ್ಯಾಲೆ.
ನನ್ನ ಕಣ್ಣು ಆ ಅಚ್ಚ ಕೆಂಪಿನ್ಯಾಗ, ಅಚ್ಚ ನೀಲ್ಯಾಗ.
ಅಲ್ಲೆ ಗಟಾರಕ್ಕ ಏನು ಮುಚ್ಚತಾರೋ.

‘ಏನಬೇ ಶಾವಂತ್ರಿ, ನಿನ್ನ ಲೆಕ್ಕದಾಗ ಯಾವುದು?’
ಮಾಲಕರು ಒಳಗಿಂದ ಕೂಗಿದರು, ಚಾಷ್ಟಿಗೆ.
‘ರಾತ್ರಿ ಹನ್ನೊಂದಕ್ಕ
ಎಲ್ಲಿಂದ ಮತ್ತೆರಡು ಸಾವಿರ ಬೇಕಂತ ಫೋನು ಬಂತು,
ಅದನ್ನ ಕೇಳ್ರಿ’ ಅಂದೆ.

ಅವರು ನಗಲಿಲ್ಲ.
ಪೆನ್ಸಿಲಿನ ಗೆರಿ ಅಳಿಸಿ,
ಬಸಿ ಕೆಳಗಿನ ತೊಯ್ದ ನೋಟು ಎತ್ತಿಕೊಂಡು
ಕಿಸೇದಾಗ ಇಟ್ಟುಕೊಂಡರು.